ನೆಲಮಾಳಿಗೆಯ ಒಲೆ

2018ರ ಅಕ್ಟೋಬರ್ ಮೊದಲ ವಾರ ಅಮ್ಮ ನಮ್ಮ ಮನೆಗೆ ಬಂದಳು. ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಶಿಕಾಗೋ ಪಕ್ಕದ ಅರೋರಾಕ್ಕೆ, ಆರು ತಿಂಗಳ ಮಟ್ಟಿಗೆ. ಬಂದ ಮರುದಿನವೇ ಮನೆಯೆಲ್ಲ ಸುತ್ತಿ ನೋಡಿ, ಕೊನೆಗೆ ಬೇಸ್‌ಮೆಂಟಿಗೆ ಇಳಿದು, ಮೂಲೆಯಲ್ಲಿ ಗುಂಯ್ ಎನ್ನುತ್ತಿದ್ದ, ಮನೆಗೆಲ್ಲ ಬಿಸಿಗಾಳಿ ಕಳಿಸುವ ಫರ್ನೇಸ್ ಎದುರು ನಿಂತು ಕೇಳಿದಳು:

"ಇದರೊಳಗೆ ಬೆಂಕಿ ಇದೆಯೇನೇ?"

"ಹೌದಮ್ಮಾ. ಗ್ಯಾಸ್ ಉರಿ."

"ರಾತ್ರಿ ಮಲಗೋವಾಗ ಆರಿಸ್ತೀರಾ?"

"ಇಲ್ಲ. ಚಳಿಗಾಲ ಪೂರ್ತಿ ತಾನೇ ಹೊತ್ತಿಕೊಳ್ಳುತ್ತೆ, ತಾನೇ ಆರುತ್ತೆ."

"ಹಾಗಾದ್ರೆ ಅದನ್ನ ನೋಡ್ಕೊಳ್ಳೋರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆ ಕೊಂಡು ಐದು ವರ್ಷವಾಗಿತ್ತು. ಫರ್ನೇಸ್ ಇರುವ ಮೂಲೆಗೆ ನಾನು ಹೋಗುತ್ತಿದ್ದದ್ದು ಊರಿಗೆ ಹೊರಡುವಾಗ ಸೂಟ್‌ಕೇಸ್ ತೆಗೆಯಲಿಕ್ಕೆ ಮಾತ್ರ.

ಅಮ್ಮನಿಗೆ ಆ ಪ್ರಶ್ನೆ ಸಹಜವಾಗಿ ಬಂದದ್ದು. ನಮ್ಮ ಬಚ್ಚಲುಮನೆಯ ಒಲೆಯ ಮೇಲೆ ತಾಮ್ರದ ಹಂಡೆ ಕೂರಿಸಿತ್ತು. ಬೆಳಗಿನ ಜಾವ ಎದ್ದು ಬೂದಿ ಗೋರಿ, ಅಡಿಕೆಹಾಳೆಯ ಚೂರೋ ತೆಂಗಿನ ಗರಿಯೋ ಇಟ್ಟು, ಊದುಗೊಳವೆಯಿಂದ ಊದಿ ಉರಿ ಎಬ್ಬಿಸುವುದು ಅವಳ ದಿನದ ಮೊದಲ ಕೆಲಸ. ಹೊಗೆ ಸರಿಯಾಗಿ ಮೇಲೆ ಹೋಗದಿದ್ದರೆ ಕಣ್ಣುರಿಯಿಂದಲೇ ಗೊತ್ತಾಗುತ್ತಿತ್ತು, ಚಿಮಣಿಯಲ್ಲಿ ಇಲ್ಲಣ ಕಟ್ಟಿದೆ ಎಂದು. ಸೌದೆ ಹಸಿಯೋ ಒಣಗಿದ್ದೋ ಎನ್ನುವುದು ಉರಿಯ ಬಣ್ಣದಲ್ಲಿ ಕಾಣುತ್ತಿತ್ತು. ಮುಂದೆ ಅಡುಗೆಮನೆಗೆ ಸಿಲಿಂಡರ್ ಬಂದಾಗಲೂ ಮಲಗುವ ಮುಂಚೆ ರೆಗ್ಯುಲೇಟರ್ ತಿರುಗಿಸಿ, ಒಮ್ಮೆ ಬಗ್ಗಿ ಮೂಸಿ ನೋಡದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಬಗ್ಗಿದ್ದು ಸರಿಯೇ: ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಇಲ್ಲಿ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹೆಚ್ಚುಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ.

ಬೆಂಕಿಯನ್ನು ಮನೆಯಲ್ಲಿಟ್ಟುಕೊಂಡವರು ದಿನಾ ಅದರ ಮುಖ ನೋಡಬೇಕು ಎನ್ನುವುದು ಅವಳ ಲೆಕ್ಕ. ನಾವು ಅದಕ್ಕೆ ತಗಡಿನ ಬಾಗಿಲು ಹಾಕಿ, ಮನೆ ಎಷ್ಟು ಬೆಚ್ಚಗಿರಬೇಕೆಂದು ಹೇಳುವ ಗೋಡೆಯ ಥರ್ಮೋಸ್ಟ್ಯಾಟ್‌ನ ಅಂಕಿಯನ್ನಷ್ಟೇ ನೋಡುತ್ತಿದ್ದೆವು.

ಹಾಗೆ ನೋಡದೆ ಬಿಟ್ಟದ್ದರ ಫಲ ಮೊದಲ ಚಳಿಗಾಲದಲ್ಲೇ ಸಿಕ್ಕಿತ್ತು. ಮನೆ ಕೊಂಡದ್ದು 2013ರ ಬೇಸಿಗೆಯಲ್ಲಿ. 2014ರ ಜನವರಿಯ ಹೊತ್ತಿಗೆ ಫರ್ನೇಸ್ ಐದು ನಿಮಿಷ ಉರಿಯುವುದು, ನಿಲ್ಲುವುದು, ತಣ್ಣನೆ ಗಾಳಿ ಊದುವುದು, ಮತ್ತೆ ಹೊತ್ತುವುದು, ಹೀಗೆ ಮಾಡತೊಡಗಿತು. ಬಂದ ಟೆಕ್ನಿಷಿಯನ್ ಏನನ್ನೂ ಬಿಚ್ಚಲಿಲ್ಲ. ಪಕ್ಕದ ಸಂದಿಯಿಂದ, ಗಾಳಿಯ ದೂಳು ಹಿಡಿಯುವ ಫಿಲ್ಟರ್ ಹೊರಗೆಳೆದು ನನ್ನ ಮುಂದೆ ಹಿಡಿದ. ಬೂದು ಬಣ್ಣದ ಕಂಬಳಿಯಂತಿತ್ತು. ಹಿಂದಿನ ಮಾಲೀಕರು ಎಂದು ಹಾಕಿದ್ದೋ ತಿಳಿಯದು, ಅಂಥದೊಂದು ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಗಾಳಿ ಸಾಕಷ್ಟು ಹರಿಯದೆ ಒಳಗಿನ ಲೋಹ ಮಿತಿ ಮೀರಿ ಕಾಯುತ್ತಿತ್ತು. ಹಾಗೆ ಕಾದಾಗ ಗ್ಯಾಸ್ ನಿಲ್ಲಿಸಲೆಂದೇ ಇರುವ ಲಿಮಿಟ್ ಸ್ವಿಚ್ ತನ್ನ ಕೆಲಸ ಮಾಡುತ್ತಿತ್ತು. ಹದಿನೈದು ಡಾಲರಿನ ಫಿಲ್ಟರ್ ಹಾಕಿದ ಮೇಲೆ ಸರಿಹೋಯಿತು.

ಫಿಲ್ಟರ್ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಮನೆಯವರ ಕೈಯಲ್ಲಿರುವ ಮುಖ್ಯ ಕೆಲಸ ಇದೇ. ಒಂದು ಇಂಚು ದಪ್ಪದ್ದಾದರೆ ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ನಾಲ್ಕೈದು ಇಂಚಿನದ್ದಾದರೆ ಆರು ತಿಂಗಳಿಂದ ವರ್ಷದವರೆಗೂ ಬರುತ್ತದೆ. ಈ ಲೆಕ್ಕ ನಮ್ಮಂಥ ಮನೆಗೆ ಸರಿಹೊಂದುವುದಿಲ್ಲ. ದಿನಾ ಒಗ್ಗರಣೆ, ವಾರಕ್ಕೊಮ್ಮೆ ಬಜ್ಜಿಯೋ ಚಕ್ಕುಲಿಯೋ, ಬೆಳಿಗ್ಗೆ ಸಂಜೆ ಊದುಬತ್ತಿ, ಹಬ್ಬಕ್ಕೆ ಸಾಂಬ್ರಾಣಿ ಹೊಗೆ, ಎಲ್ಲವೂ ಕೊನೆಗೆ ಹೋಗಿ ಕೂರುವುದು ಫಿಲ್ಟರ್ ಮೇಲೆ. ಒಂದು ಇಂಚಿನದನ್ನು ನಾನು ಚಳಿಗಾಲದಲ್ಲಿ ಆರು ವಾರಕ್ಕೊಮ್ಮೆ ಬದಲಿಸುತ್ತೇನೆ. ಫಿಲ್ಟರ್ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ. ಅದು ಗಾಳಿ ಹರಿಯುವ ದಿಕ್ಕಿಗೆ, ಅಂದರೆ ಫರ್ನೇಸ್ ಕಡೆಗೆ ಮುಖ ಮಾಡಿರಬೇಕು. ಇನ್ನು ಮರ್ವ್ ಸಂಖ್ಯೆ. ಅದು ಹೆಚ್ಚಿದಷ್ಟೂ ಸಣ್ಣ ದೂಳು ಹಿಡಿಯುತ್ತದೆ, ಗಾಳಿಯನ್ನೂ ಅಷ್ಟೇ ತಡೆಯುತ್ತದೆ. ಮಕ್ಕಳಿಗೆ ಅಲರ್ಜಿ ಎಂದು ಅಂಗಡಿಯಲ್ಲಿ ಸಿಕ್ಕ ಅತಿ ದುಬಾರಿಯ ತೆಳು ಫಿಲ್ಟರ್ ತಂದು ಹಾಕಿ, ಫರ್ನೇಸ್ ಉಸಿರುಕಟ್ಟಿಸಿದವರನ್ನು ನೋಡಿದ್ದೇನೆ. ತೆಳು ಫಿಲ್ಟರಿಗೆ 8ರಿಂದ 11 ಸಾಕು ಎಂಬುದು ನನ್ನ ಅನುಭವ.

ಉಪಯೋಗಿಸದ ಕೋಣೆಗಳಲ್ಲಿ ಬಿಸಿಗಾಳಿ ಬರುವ ನೆಲದ ಜಾಲಂಧ್ರ ಮುಚ್ಚಿ ಗ್ಯಾಸ್ ಉಳಿಸುತ್ತೇವೆ ಎನ್ನುವವರಿಗೂ ಇದೇ ಮಾತು. ಒಂದೋ ಎರಡೋ ಸರಿ. ಅರ್ಧ ಮನೆಯದ್ದು ಮುಚ್ಚಿದರೆ ಗಾಳಿಗೆ ದಾರಿಯಿಲ್ಲದೆ ಒಳಗೆ ಬಿಸಿ ಏರುತ್ತದೆ.

ಅಮ್ಮ ಬಂದ ವರ್ಷ ಆಯುಧಪೂಜೆ ಅಕ್ಟೋಬರ್ ಮಧ್ಯದಲ್ಲಿ ಬಂದಿತ್ತು. ಕಾರು, ಮಿಕ್ಸಿ, ಮಗನ ಲ್ಯಾಪ್‌ಟಾಪ್ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದ ಮೇಲೆ ಅಮ್ಮ ತಟ್ಟೆ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲು ಇಳಿದಳು. ಪೂಜೆಗೆ ಮುಂಚೆ ಸ್ವಚ್ಛ ಮಾಡಬೇಕಲ್ಲ. ಸುತ್ತ ಒಟ್ಟಿದ್ದ ಸೂಟ್‌ಕೇಸ್, ಅಕ್ಕಿಚೀಲ, ಹಳೇ ರಟ್ಟಿನ ಪೆಟ್ಟಿಗೆ, ಗೋಡೆಗೆ ಬಳಿದು ಉಳಿದ ಬಣ್ಣದ ಡಬ್ಬಿ, ಥಿನ್ನರ್ ಬಾಟಲಿ, ಬಟ್ಟೆಗೆ ಹಾಕುವ ಬ್ಲೀಚ್, ಒಂದೊಂದನ್ನೇ ಅವಳು ಹೊರಗೆ ಸಾಗಿಸತೊಡಗಿದಾಗ ನನಗೆ ಮುಖ ಎತ್ತಲಾಗಲಿಲ್ಲ. "ಒಲೆ ಬಾಯಲ್ಲಿ ಯಾರಾದ್ರೂ ಸೀಮೆಎಣ್ಣೆ ಇಡ್ತಾರಾ?" ಎಂದಳು. ಥಿನ್ನರ್, ಪೆಟ್ರೋಲ್‌ನ ಆವಿ ಉರಿ ಸೇರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬ್ಲೀಚಿನದು ಬೇರೆ ತೊಂದರೆ: ಅದರ ಕ್ಲೋರಿನ್ ಆವಿ ಗಾಳಿಯ ಜೊತೆ ಉರಿಗೆ ಸೇರಿದರೆ ಆಮ್ಲವಾಗಿ ಒಳಗಿನ ಲೋಹವನ್ನು ತಿನ್ನುತ್ತದೆ. ಅಂದಿನಿಂದ ಫರ್ನೇಸ್ ಸುತ್ತ ಮೂರು ಅಡಿ ಏನೂ ಇಡುವುದಿಲ್ಲ.

ಅದಾದ ಮೇಲೆ ನಾನು ಆ ಯಂತ್ರದ ಮುಂದೆ ಕುಳಿತು, ಅದು ಹೊತ್ತಿಕೊಳ್ಳುವ ಕ್ರಮವನ್ನು ಕಿವಿಯಿಂದಲೇ ಕಲಿತೆ. ಥರ್ಮೋಸ್ಟ್ಯಾಟ್ ಬಿಸಿ ಬೇಕೆಂದ ಕೂಡಲೇ ಬೆಂಕಿ ಹೊತ್ತುವುದಿಲ್ಲ. ಮೊದಲು ಇಂಡ್ಯೂಸರ್ ಎಂಬ ಸಣ್ಣ ಫ್ಯಾನ್ ತಿರುಗಿ, ಒಳಗೇನಾದರೂ ಗ್ಯಾಸ್ ಉಳಿದಿದ್ದರೆ ಅದನ್ನು ಹೊರಗೆ ಎಳೆದು ಹಾಕುತ್ತದೆ. ಹೊಗೆಯ ದಾರಿ ತೆರೆದಿದೆಯೇ, ಎಳೆತ ಸಾಕಷ್ಟಿದೆಯೇ ಎಂದು ಪ್ರೆಷರ್ ಸ್ವಿಚ್ ನೋಡುತ್ತದೆ. ಅದು ಒಪ್ಪಿದರಷ್ಟೇ ಉರಿ ಹೊತ್ತಿಸುವ ಇಗ್ನೈಟರ್ ಕಾದು ಕೆಂಡದ ಬಣ್ಣಕ್ಕೆ ಬರುತ್ತದೆ. ಆಮೇಲೆ ಟಕ್ ಎಂಬ ಸದ್ದು, ಅದು ಗ್ಯಾಸ್ ವಾಲ್ವ್ ತೆರೆದದ್ದು. ಬರ್ನರುಗಳು ಸಾಲಾಗಿ ಒಂದರಿಂದ ಒಂದಕ್ಕೆ ಹೊತ್ತುತ್ತವೆ. ಉರಿ ನಿಜವಾಗಿ ಹೊತ್ತಿತು ಎಂದು ಕೆಲವೇ ಸೆಕೆಂಡಿನಲ್ಲಿ ಫ್ಲೇಮ್ ಸೆನ್ಸರ್ ಸಾಕ್ಷಿ ಹೇಳಬೇಕು. ಹೇಳದಿದ್ದರೆ ಗ್ಯಾಸ್ ಬಂದ್. ಅರ್ಧ ನಿಮಿಷವೋ ಒಂದು ನಿಮಿಷವೋ ಕಳೆದು, ಲೋಹ ಕಾದ ಮೇಲೆ ದೊಡ್ಡ ಬ್ಲೋಯರ್ ಎದ್ದು ಮನೆಗೆಲ್ಲ ಬಿಸಿಗಾಳಿ ಕಳಿಸುತ್ತದೆ.

ಅಮ್ಮನಿಗೆ ಇದನ್ನು ವಿವರಿಸುವಾಗ ಹಂಡೆಯೇ ನೆರವಿಗೆ ಬಂತು. ಉರಿ ಹಂಡೆಯ ಹೊರಗೆ, ನೀರು ಒಳಗೆ, ಎರಡೂ ಮುಟ್ಟಿಕೊಳ್ಳುವುದಿಲ್ಲ, ನಡುವೆ ತಾಮ್ರ. ಫರ್ನೇಸ್‌ನಲ್ಲಿ ಉರಿ ಮತ್ತು ಹೊಗೆ ಲೋಹದ ಕೊಳವೆಯ ಒಳಗೆ, ನಾವು ಉಸಿರಾಡುವ ಗಾಳಿ ಅದರ ಹೊರಗೆ. ಆ ಲೋಹದ ಹೆಸರು ಹೀಟ್ ಎಕ್ಸ್‌ಚೇಂಜರ್. "ಹಂಡೆ ತೂತಾದ್ರೆ?" ಎಂದು ತಕ್ಷಣ ಕೇಳಿದಳು. ಈ ಇಡೀ ಯಂತ್ರದ ಬಗ್ಗೆ ಕೇಳಬೇಕಾದ ಅತಿ ದೊಡ್ಡ ಪ್ರಶ್ನೆ ಅದೇ. ಎಕ್ಸ್‌ಚೇಂಜರ್ ಬಿರುಕು ಬಿಟ್ಟರೆ ಹೊಗೆ ಉಸಿರಾಡುವ ಗಾಳಿಗೆ ಸೇರಬಹುದು. ಅದಕ್ಕೇ ವರ್ಷಕ್ಕೊಮ್ಮೆ ತಿಳಿದವರು ಬಂದು ಅದನ್ನು ನೋಡಬೇಕು.

ಬರ್ನರ್ ಬಾಗಿಲಿನ ಸಣ್ಣ ಗಾಜಿನ ಕಿಂಡಿಯಿಂದ ನೋಡಿದರೆ ಉರಿ ನೀಲಿಯಾಗಿ, ನೆಟ್ಟಗೆ, ಸ್ಥಿರವಾಗಿ ಕಾಣಬೇಕು. ಹಳದಿಯಾಗಿ ತೂಗಾಡುತ್ತಿದ್ದರೆ, ಅಥವಾ ಬ್ಲೋಯರ್ ಶುರುವಾದ ಕೂಡಲೇ ಉರಿ ಅಲುಗಿದರೆ, ಆರಿಸಿ ಟೆಕ್ನಿಷಿಯನ್‌ಗೆ ಫೋನ್ ಮಾಡಬೇಕು. ನನಗಿಂತ ಮೊದಲು ಅಮ್ಮನೇ ಆ ಕಿಂಡಿಗೆ ಕಣ್ಣಿಟ್ಟು, "ಒಳ್ಳೆ ಉರಿ" ಎಂದಿದ್ದಳು.

ನಮ್ಮದು ಹಳೆಯ ಫರ್ನೇಸ್ ಅಲ್ಲ. ಅದನ್ನು 2017ರಲ್ಲಿ ತೆಗೆಸಿ ನೂರಕ್ಕೆ 96ರಷ್ಟು ಶಾಖ ಮನೆಗೇ ಸಿಗುವಂಥದ್ದನ್ನು ಹಾಕಿಸಿದ್ದೆವು. ಹಳೆಯದರಲ್ಲಿ ಸಿಗುತ್ತಿದ್ದದ್ದು ನೂರಕ್ಕೆ 80ರಷ್ಟು, ಅದರ ಬಿಸಿ ಹೊಗೆ ಲೋಹದ ಚಿಮಣಿಯಲ್ಲಿ ಸೂರಿನ ಮೇಲೆ ಹೋಗುತ್ತಿತ್ತು. ಹೊಸದರಲ್ಲಿ ಇನ್ನೊಂದು ಎಕ್ಸ್‌ಚೇಂಜರ್ ಇದ್ದು, ಹೊಗೆಯಲ್ಲಿನ ನೀರಾವಿಯನ್ನೂ ತಣಿಸಿ ನೀರು ಮಾಡಿ ಅದರ ಶಾಖವನ್ನೂ ಹಿಂಡಿಕೊಳ್ಳುತ್ತದೆ. ಉಳಿದ ಹೊಗೆ ಎಷ್ಟು ತಣ್ಣಗಿರುತ್ತದೆಂದರೆ ಬಿಳಿ ಪಿವಿಸಿ ಪೈಪೇ ಸಾಕು, ಅದು ಮನೆಯ ಪಕ್ಕದ ಗೋಡೆಯಿಂದಲೇ ಹೊರಗೆ ಹೋಗುತ್ತದೆ. ಗ್ಯಾಸ್ ಬಿಲ್ ಇಳಿಯಿತು. ಆದರೆ ಸೂರಿನ ಮೇಲಿದ್ದ ಹೊಗೆಯ ಬಾಯಿ ಹಿಮ ಬೀಳುವ ನೆಲದ ಹತ್ತಿರ ಬಂತು. ಅದರ ಅರ್ಥ ನಮಗೆ ತಿಳಿದದ್ದು 2019ರ ಜನವರಿ 30ರ ಬೆಳಗಿನ ಜಾವ.

ಶಿಕಾಗೋದಲ್ಲಿ ಅಂದು ಮೈನಸ್ 23 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 31 ಸೆಲ್ಸಿಯಸ್. ಗಾಳಿಯ ಕೊರೆತ ಸೇರಿದರೆ ಫ್ಯಾರನ್‌ಹೀಟ್‌ನಲ್ಲಿ ಮೈನಸ್ 50ರ ಆಸುಪಾಸು. ನಾಲ್ಕು ಗಂಟೆಗೆ ಅಮ್ಮ ನನ್ನ ಕೋಣೆಯ ಬಾಗಿಲು ತಟ್ಟಿದಳು. "ಕೆಳಗಿನ ಸದ್ದು ಸರಿ ಇಲ್ಲ ಕಣೇ." ಎದ್ದು ನೋಡಿದರೆ 70 ಫ್ಯಾರನ್‌ಹೀಟ್‌ಗೆ ಇಟ್ಟಿದ್ದ ಮನೆ 59ಕ್ಕೆ ಇಳಿದಿತ್ತು. ಬೇಸ್‌ಮೆಂಟಿನಲ್ಲಿ ಇಂಡ್ಯೂಸರ್ ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ಆ ಟಕ್ ಸದ್ದು ಬರುತ್ತಲೇ ಇರಲಿಲ್ಲ. ಒಳಗಿನ ಬೋರ್ಡಿನ ಮೇಲೆ ಸಣ್ಣ ದೀಪ ಲೆಕ್ಕವಿಟ್ಟು ಮಿಣುಕುತ್ತಿತ್ತು. ಎಷ್ಟು ಸಲ ಮಿಣುಕಿದರೆ ಯಾವ ತೊಂದರೆ ಎಂಬ ಪಟ್ಟಿ ಬಾಗಿಲಿನ ಒಳಮೈಗೆ ಅಂಟಿಸಿರುತ್ತದೆ. ನೋಡಿದೆ: ಪ್ರೆಷರ್ ಸ್ವಿಚ್.

ಕಲಿತ ಕ್ರಮ ಅಂದು ಕೈಹಿಡಿಯಿತು. ಪ್ರೆಷರ್ ಸ್ವಿಚ್ ಒಪ್ಪುತ್ತಿಲ್ಲವೆಂದರೆ ಹೊಗೆಯ ದಾರಿಯೋ ಗಾಳಿಯ ದಾರಿಯೋ ಕಟ್ಟಿರಬೇಕು. ನನ್ನ ಗಂಡ ಇದ್ದಬದ್ದ ಬಟ್ಟೆಯೆಲ್ಲ ಹಾಕಿಕೊಂಡು ಟಾರ್ಚ್ ಹಿಡಿದು ಹೊರಗೆ ಹೋದರು. ಹೊಗೆಯ ಪೈಪಿನ ನೀರಾವಿ ಹೊರಗೆ ಬಂದ ಕೂಡಲೇ ಹೆಪ್ಪುಗಟ್ಟಿ, ಪಕ್ಕದಲ್ಲಿದ್ದ, ಉರಿಗೆ ಬೇಕಾದ ಗಾಳಿ ಎಳೆಯುವ ಪೈಪಿನ ಬಾಯಿಗೆ ಮಂಜಿನ ಹರಳು ಕಟ್ಟಿ ಮುಚ್ಚಿಹೋಗಿತ್ತು. ಫರ್ನೇಸ್ ಸ್ವಿಚ್ ಆರಿಸಿ, ಕೈಗವಸಿನಲ್ಲೇ ಅದನ್ನು ಒಡೆದು ತೆಗೆದರು. ಐದು ನಿಮಿಷ ಹೊರಗಿದ್ದದ್ದಕ್ಕೇ ಅವರ ಹುಬ್ಬು ಬೆಳ್ಳಗಾಗಿತ್ತು. ಮತ್ತೆ ಸ್ವಿಚ್ ಹಾಕಿದೆವು. ಇಂಡ್ಯೂಸರ್. ಕೆಂಡದ ಬಣ್ಣ. ಟಕ್. ಮೂವರೂ ಆ ಮೂಲೆಯಲ್ಲಿ ನಿಂತು, ಬ್ಲೋಯರ್ ಏಳುವವರೆಗೆ ಮಾತಾಡಲಿಲ್ಲ.

ಆ ವಾರ ಪರಿಚಯದ ಒಬ್ಬರು ಪ್ರೆಷರ್ ಸ್ವಿಚ್‌ನ ಎರಡು ತಂತಿಗಳನ್ನು ನೇರ ಜೋಡಿಸಿ ಫರ್ನೇಸ್ ಓಡಿಸಿದೆವೆಂದು ಹೇಳಿದರು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಹೊಗೆಗೆ ದಾರಿಯಿಲ್ಲದಿದ್ದರೂ ಬೆಂಕಿ ಹೊತ್ತಲಿ ಎಂದು ಯಂತ್ರಕ್ಕೆ ಸುಳ್ಳು ಹೇಳಿದಂತೆ ಅದು. ಇನ್ನೊಂದು ಮನೆಯವರು ಅಡುಗೆಯ ಗ್ಯಾಸ್ ಅವನ್ ಬಾಗಿಲು ತೆರೆದಿಟ್ಟು ಮನೆ ಕಾಯಿಸಿದ್ದರು. ಅದೂ ಅಷ್ಟೇ ಅಪಾಯ. ಇದ್ದಿಲಿನ ಗ್ರಿಲ್ಲನ್ನು ಒಳಗೆ ತರುವುದು, ಗ್ಯಾರೇಜಿನಲ್ಲಿ ಜನರೇಟರ್ ಅಥವಾ ಕಾರು ಓಡಿಸುವುದು, ಎಲ್ಲವೂ ಒಂದೇ ವಿಷವನ್ನು, ಕಾರ್ಬನ್ ಮೋನಾಕ್ಸೈಡನ್ನು, ಮನೆಗೆ ಕರೆದಂತೆ.

ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಅಮ್ಮನ ಒಲೆ ಕೆಟ್ಟರೆ ಕಣ್ಣು ಮೂಗು ಹೇಳುತ್ತಿದ್ದವು. ಇದರ ಮುಂದೆ ಅವೂ ಸೋಲುತ್ತವೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಬರುತ್ತವೆ, ಫ್ಲೂ ಇರಬೇಕೆಂದು ಜನ ಹೊದ್ದು ಮಲಗುತ್ತಾರೆ. ಮನೆಯಲ್ಲಿದ್ದಾಗ ಎಲ್ಲರಿಗೂ ಒಟ್ಟಿಗೆ ತಲೆನೋವು, ಹೊರಗೆ ಹೋದರೆ ಕಡಿಮೆ ಎಂದಾದರೆ ಅದು ಫ್ಲೂ ಅಲ್ಲ ಎಂದು ಅನುಮಾನಿಸಬೇಕು. ಬೆಂಕಿ ಅನಾಹುತಗಳನ್ನು ಬಿಟ್ಟೂ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಆಕಸ್ಮಿಕವಾಗಿ ಈ ಅನಿಲದಿಂದ ಸಾಯುತ್ತಾರೆ. ನಮ್ಮೂರಿನವರಿಗೂ ಇದು ಹೊಸದಲ್ಲ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಹೊರಬರಲಿಲ್ಲ ಎಂಬ ಸುದ್ದಿ ಬೆಂಗಳೂರಿನಿಂದ ಮತ್ತೆ ಮತ್ತೆ ಬರುತ್ತದೆ. ಅದೇ ಅನಿಲ, ಅದೇ ಸಾವು. ಓದಿದಾಗಲೆಲ್ಲ ಹೊಟ್ಟೆ ಸಂಕಟವಾಗುತ್ತದೆ. ಆ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಇಟ್ಟಿದ್ದರೆ ಸಾಕಿತ್ತು.

ನಮ್ಮ ಇಲಿನಾಯ್ ರಾಜ್ಯದಲ್ಲಿ 2007ರಿಂದ ಮಲಗುವ ಪ್ರತಿ ಕೋಣೆಯ 15 ಅಡಿಯೊಳಗೆ ಕಾರ್ಬನ್ ಮೋನಾಕ್ಸೈಡ್ ಅಲಾರಂ ಕಡ್ಡಾಯ. ಕಾನೂನಿಗಾಗಿ ಗೋಡೆಗೆ ಸಿಕ್ಕಿಸಿ ಮರೆಯುವವರೇ ಹೆಚ್ಚು. ಅದಕ್ಕೂ ಆಯಸ್ಸಿದೆ, ಐದರಿಂದ ಹತ್ತು ವರ್ಷ. ಹಿಂಬದಿಯಲ್ಲಿ ತಯಾರಾದ ತಾರೀಕು ಇರುತ್ತದೆ, ಇಂದೇ ತಿರುಗಿಸಿ ನೋಡಿ. ನಾಲ್ಕು ಬೀಪ್, ಒಂದು ಬಿಡುವು, ಮತ್ತೆ ನಾಲ್ಕು ಎಂದರೆ ವಿಷಾನಿಲ. ಮೂರು ಮೂರಾದರೆ ಹೊಗೆ, ಬೆಂಕಿ. ಆಗೊಮ್ಮೆ ಈಗೊಮ್ಮೆ ಒಂದೇ ಚಿಂವ್ ಎಂದರೆ ಬ್ಯಾಟರಿ ಮುಗಿದಿರಬೇಕು, ಇಲ್ಲವೇ ಅದರ ಆಯಸ್ಸು. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿಯದು. ಗಾಳಿಯಲ್ಲಿ ದಶಲಕ್ಷಕ್ಕೆ 400 ಭಾಗ ಆ ವಿಷಾನಿಲವಿದ್ದರೆ ಅಲಾರಂ 4ರಿಂದ 15 ನಿಮಿಷದಲ್ಲಿ ಕೂಗುತ್ತದೆ, 70 ಭಾಗವಿದ್ದರೆ ಒಂದರಿಂದ ನಾಲ್ಕು ಗಂಟೆ ಹಿಡಿಯಬಹುದು. ಅಂದರೆ ಅದು ಕೂಗುವ ಹೊತ್ತಿಗೆ ನಾವು ಆಗಲೇ ವಿಷ ಉಸಿರಾಡಿರುತ್ತೇವೆ. ಆದ್ದರಿಂದ ಅದು ಕೂಗಿದಾಗ ಕಿಟಕಿ ತೆರೆದು ಬ್ಯಾಟರಿ ತೆಗೆಯುವುದಲ್ಲ. ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋಗಿ ತುರ್ತು ಸಹಾಯದ 911ಕ್ಕೆ ಫೋನ್ ಮಾಡಬೇಕು, ಅವರು ಬಂದು ಅಳೆದು ಸರಿಯೆಂದ ಮೇಲೆಯೇ ಒಳಗೆ ಬರಬೇಕು.

ಗ್ಯಾಸ್ ಸೋರಿಕೆಯಾದರೆ ಮೂಗು ಹೇಳುತ್ತದೆ. ಆದರೆ ಆ ವಾಸನೆ ಗ್ಯಾಸಿನದ್ದಲ್ಲ, ಬೇಕೆಂದೇ ಸೇರಿಸಿದ್ದು. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿ ವಾಸನೆಯಿಲ್ಲದ ಗ್ಯಾಸ್ ತುಂಬಿ ಸ್ಫೋಟಿಸಿ ಸುಮಾರು 300 ಜನ, ಹೆಚ್ಚಿನವರು ಮಕ್ಕಳು, ಸತ್ತರು. ಗ್ಯಾಸಿಗೆ ಮರ್‌ಕ್ಯಾಪ್ಟನ್‌ನಂಥ ದುರ್ವಾಸನೆಯ ವಸ್ತು ಬೆರೆಸಬೇಕೆಂಬ ಕಾನೂನು ಅದರ ಬೆನ್ನಿಗೇ ಬಂತು. ಕೊಳೆತ ಮೊಟ್ಟೆಯಂಥ ಆ ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟಬಾರದು, ಮನೆಯೊಳಗೆ ಫೋನೂ ಬೇಡ. ಹೊರಗೆ ಹೋಗಿ, ದೂರದಿಂದ ಫೋನ್ ಮಾಡಬೇಕು.

ಡಿಸೆಂಬರಿನಲ್ಲಿ ಊರಿಗೆ ಹೋಗುವವರಿಗೆ ಒಂದು ಮಾತು. ಒಂದು ತಿಂಗಳು ಯಾರೂ ಇಲ್ಲವೆಂದು ಫರ್ನೇಸ್ ಪೂರ್ತಿ ಆರಿಸಿ ಹೋಗಬೇಡಿ. 55 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸಬೇಡಿ, ನೀರಿನ ಮುಖ್ಯ ವಾಲ್ವ್ ಮುಚ್ಚಿ, ಎರಡು ಮೂರು ದಿನಕ್ಕೊಮ್ಮೆ ಬಂದು ನೋಡಲು ಯಾರಿಗಾದರೂ ಬೀಗದಕೈ ಕೊಡಿ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ, ಪೈಪು ತಡೆಯುವುದಿಲ್ಲ. ತಂಗಿಯ ಮದುವೆ ಮುಗಿಸಿ ಬಂದ ನಮ್ಮ ಸ್ನೇಹಿತರ ಮನೆಯಲ್ಲಿ ಮೇಲಿನ ಮಹಡಿಯ ಪೈಪು ಒಡೆದು, ಕೆಳಗಿನ ಚಾವಣಿಯೆಲ್ಲ ನೆಲದ ಮೇಲಿತ್ತು.

ಟೆಕ್ನಿಷಿಯನ್ ಬಂದಾಗ ನಾನು ಪಕ್ಕದಲ್ಲೇ ನಿಲ್ಲುತ್ತೇನೆ. ಫಿಲ್ಟರ್ ಬದಲಿಸಿ ಹದಿನೈದು ನಿಮಿಷದಲ್ಲಿ ಹೊರಟರೆ ಅದು ಸರ್ವಿಸ್ ಅಲ್ಲ. ಫ್ಲೇಮ್ ಸೆನ್ಸರ್ ತೆಗೆದು ನಯವಾದ ಉಕ್ಕಿನ ನಾರಿನಿಂದ ಒರೆಸಬೇಕು. ಅದು ಉರಿಯನ್ನು ಗುರುತಿಸುವುದು ಉರಿಯ ಮೂಲಕ ಹರಿದು ಬರುವ ವಿದ್ಯುತ್ತಿನಿಂದ. ಆ ವಿದ್ಯುತ್ ಮೈಕ್ರೋಆಂಪಿಯರ್ ಲೆಕ್ಕದ್ದು, ಅಂದರೆ ತೀರಾ ಅಲ್ಪ, ಕೂದಲೆಳೆ ದಪ್ಪದ ಕೊಳೆ ಕೂತರೂ ಉರಿ ಇಲ್ಲವೆಂದೇ ಅದು ಹೇಳುತ್ತದೆ. ಗ್ಯಾಸಿನ ಒತ್ತಡ ಅಳೆಯಬೇಕು, ಹೊಗೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಎಷ್ಟಿದೆ ನೋಡಬೇಕು, ಒಳಹೋಗುವ ಮತ್ತು ಹೊರಬರುವ ಗಾಳಿಯ ಬಿಸಿಯ ವ್ಯತ್ಯಾಸ ಫರ್ನೇಸ್ ಮೇಲಿನ ಚೀಟಿಯಲ್ಲಿ ಬರೆದ ಮಿತಿಯೊಳಗಿದೆಯೇ ಪರೀಕ್ಷಿಸಬೇಕು, ನೀರು ಇಳಿಯುವ ಟ್ರ್ಯಾಪ್ ತೊಳೆಯಬೇಕು. ಇವನ್ನು ಮಾಡುತ್ತೀರಾ ಎಂದು ಫೋನಿನಲ್ಲೇ ಕೇಳಿ. ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ, ಇಡೀ ಫರ್ನೇಸ್ ಬದಲಿಸಿ ಎಂದರೆ ಬಿರುಕಿನ ಫೋಟೋ ತೋರಿಸಲು ಹೇಳಿ, ಇನ್ನೊಬ್ಬರನ್ನೂ ಕರೆಸಿ. ಅಲ್ಲಿಯವರೆಗೆ ಫರ್ನೇಸ್ ಮಾತ್ರ ಹಚ್ಚಬೇಡಿ.

1919ರಲ್ಲಿ ನ್ಯೂ ಜೆರ್ಸಿಯ ಆಲಿಸ್ ಪಾರ್ಕರ್ ಎಂಬ ಮಹಿಳೆ ಗ್ಯಾಸಿನಿಂದ ಕಾಯಿಸಿದ ಗಾಳಿಯನ್ನು ಕೊಳವೆಗಳಲ್ಲಿ ಕೋಣೆ ಕೋಣೆಗೂ ಕಳಿಸುವ ವಿನ್ಯಾಸಕ್ಕೆ ಪೇಟೆಂಟ್ ಪಡೆದಳೆಂದು ಅಮ್ಮನಿಗೆ ಓದಿ ಹೇಳಿದ್ದೆ. "ಹೆಂಗಸೇ ಯೋಚನೆ ಮಾಡಿರ್ಬೇಕು ಅಂದ್ಕೊಂಡೆ," ಎಂದಳು. ಒಲೆಯ ಮುಂದೆ ಆಯಸ್ಸು ಕಳೆದವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಫರ್ನೇಸ್ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿದ್ದೇವೆ. ಮೊದಲ ಸಾಲು ಅಮ್ಮನ ಕೈಬರಹ: "ಆಯುಧಪೂಜೆ. ಜಾಳಿಗೆ ಬದಲಿಸಿದ್ದು. ಉರಿ ನೀಲಿ." ಜಾಳಿಗೆ ಎಂದರೆ ಅವಳ ಮಾತಿನಲ್ಲಿ ಫಿಲ್ಟರ್. ಅದರ ಕೆಳಗಿನ ಸಾಲುಗಳೆಲ್ಲ ನನ್ನವು. ಈ ಭಾನುವಾರ ಇನ್ನೊಂದು ಸಾಲು ಸೇರಿಸಿದೆ. ಅಲಾರಂ ಒತ್ತಿ ನೋಡಿದ್ದು, ಪೈಪಿನ ಬಾಯಿಯ ಸುತ್ತ ಬೆಳೆದಿದ್ದ ಗಿಡ ಕತ್ತರಿಸಿದ್ದು, ಇಂಡ್ಯೂಸರ್ ಸದ್ದು ಕಳೆದ ವರ್ಷಕ್ಕಿಂತ ಒರಟಾಗಿದೆ ಎಂದು. ಅಮ್ಮ ಫೋನಿನಲ್ಲಿ ಆ ಸದ್ದು ಕೇಳಿಸು ಎಂದಳು. ಕೇಳಿಸಿದೆ. "ಮೊದಲು ಹಾಗಿರ್ಲಿಲ್ಲ, ತೋರಿಸು," ಎಂದಳು. ಗುರುವಾರ ಬೆಳಿಗ್ಗೆ ಟೆಕ್ನಿಷಿಯನ್ ಬರುತ್ತಿದ್ದಾನೆ.